ಮಲೆನಾಡಿನ ಸರ್ವರ್‌ಗೆ ಯಾವ ಕಂಪನಿ?

ಹೊಂಗಡಹಳ್ಳದಂಥ ಕಾಡಂಚಿನ ಊರಿನಿಂದ ಹೋಬಳಿಯ ನಾಡಕಚೇರಿಗೋ ಸಕಲೇಶಪುರದ ತಾಲ್ಲೂಕು ಕಚೇರಿಗೋ ಹೋದವರು ಬರಿಗೈಯಲ್ಲಿ ಮರಳಿದರೆ ಮನೆಯಲ್ಲಿ ಹೇಳುವುದು ಒಂದೇ ಮಾತು: ‘ಸರ್ವರ್ ಇಲ್ವಂತೆ.’ ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಕಾದವರಿಗೂ ಎಷ್ಟೋ ಸಲ ಸಿಗುವ ಉತ್ತರ ಅದೇ. ಜಡಿಮಳೆಯ ದಿನ, ಕೂಲಿ ಬಿಟ್ಟು, ಬಸ್ಸಿಗೆ ಕಾದು ಬಂದವರಿಗೆ ಆ ಉತ್ತರದಿಂದ ಒಂದಿಡೀ ದಿನ ಹಾಳು.

ಈ ಒಂದು ಮಾತಿನ ಹಿಂದೆ ಹಲವು ಬೇರೆ ಬೇರೆ ತೊಂದರೆಗಳಿರುತ್ತವೆ. ಗಾಳಿಗೆ ಮರ ಬಿದ್ದು ಫೈಬರ್ ಕೇಬಲ್ ತುಂಡಾಗಿರಬಹುದು. ಕಚೇರಿಯ ಯುಪಿಎಸ್ ಬ್ಯಾಟರಿ ಸತ್ತಿರಬಹುದು. ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ತಂತ್ರಾಂಶ ಬದಲಾಯಿಸುತ್ತಿರಬಹುದು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕುಂಟಿದಾಗ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ನಿಂತಿತು. ಸುಳ್ಳು ಬೇಡಿಕೆಗಳ ಪ್ರವಾಹ ಹರಿಸಿ ವ್ಯವಸ್ಥೆಯನ್ನು ಮುಳುಗಿಸುವ ಡಿಡಿಒಎಸ್ ದಾಳಿ ಅದಕ್ಕೆ ಕಾರಣ ಎಂದು ಸರ್ಕಾರ ಹೇಳಿತು. ಸರ್ವರ್ ಎಂಬ ಪೆಟ್ಟಿಗೆಯೇ ಕೆಟ್ಟು ನಿಲ್ಲುವುದು ಈ ಸಾಲಿನಲ್ಲಿ ಒಂದು ಕಾರಣ ಮಾತ್ರ.

ಆದರೆ ಕೆಟ್ಟಾಗ ಪೆಟ್ಟು ಜೋರಾಗಿಯೇ ಬೀಳುತ್ತದೆ. ಸಹಕಾರ ಸಂಘ, ಖಾಸಗಿ ಆಸ್ಪತ್ರೆ, ಕಾಲೇಜು, ಕಾಫಿ ಕ್ಯೂರಿಂಗ್ ಘಟಕ, ಹತ್ತಾರು ಎಸ್ಟೇಟುಗಳ ಲೆಕ್ಕ ನೋಡುವ ಕಚೇರಿ ಇಂಥ ಕಡೆಗಳಲ್ಲಿ ಹೊಸ ಸರ್ವರ್ ಕೊಳ್ಳುವ ದಿನ ಮೇಜಿನ ಮೇಲೆ ಮೂರು ಕೊಟೇಶನ್ ಬರುತ್ತವೆ: ಡೆಲ್, ಎಚ್‌ಪಿಇ, ಲೆನೊವೊ. ಕೆಲವೊಮ್ಮೆ ಸೂಪರ್‌ಮೈಕ್ರೋ, ಸಿಸ್ಕೊ. ‘ಯಾವುದು ಬಾಳಿಕೆ ಬರುತ್ತೆ?’ ಎಂದು ಆಡಳಿತ ಮಂಡಳಿ ಕೇಳುತ್ತದೆ. ತನ್ನಲ್ಲಿರುವುದೇ ಒಳ್ಳೆಯದು ಎಂದು ಪ್ರತಿ ಡೀಲರ್ ಹೇಳುತ್ತಾನೆ. ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಹುಡುಕಲು ಪೆಟ್ಟಿಗೆ ಬಿಚ್ಚಿ ನೋಡಬೇಕು, ಆಮೇಲೆ ಪೆಟ್ಟಿಗೆ ಇಡುವ ಕೋಣೆಯನ್ನೂ ನೋಡಬೇಕು.

ಮೊದಲು ಪೆಟ್ಟಿಗೆ. ಸಾಮಾನ್ಯ ಡೆಸ್ಕ್‌ಟಾಪ್ ಕಂಪ್ಯೂಟರಿಗೂ ಸರ್ವರ್‌ಗೂ ಇರುವ ದೊಡ್ಡ ವ್ಯತ್ಯಾಸ ವೇಗದ್ದಲ್ಲ. ಒಂದು ಭಾಗ ಕೈಕೊಟ್ಟರೂ ಕೆಲಸ ನಿಲ್ಲದಂತೆ ಮಾಡಿಕೊಂಡ ಏರ್ಪಾಡಿನದು. ವಿದ್ಯುತ್ ಪೂರೈಸುವ ಪವರ್ ಸಪ್ಲೈ ಎರಡಿರುತ್ತವೆ. ಒಂದು ಸುಟ್ಟರೆ ಇನ್ನೊಂದು ಹೊರೆ ಹೊರುತ್ತದೆ. ಹಾರ್ಡ್ ಡಿಸ್ಕ್‌ಗಳನ್ನು ರೇಡ್ ಎಂಬ ವಿಧಾನದಲ್ಲಿ ಜೋಡಿಸಿರುವುದರಿಂದ ಒಂದು ಸತ್ತರೂ ಮಾಹಿತಿ ಉಳಿದವುಗಳಲ್ಲಿರುತ್ತದೆ, ಯಂತ್ರ ನಡೆಯುತ್ತಿರುವಾಗಲೇ ಸತ್ತ ಡಿಸ್ಕನ್ನು ಎಳೆದು ಹೊಸದು ತೂರಿಸಬಹುದು. ಮೆಮೊರಿ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಜಾತಿಯದು. ಇದು ಬರೀ ಆಡಂಬರವಲ್ಲ. ಗೂಗಲ್ ತನ್ನ ಯಂತ್ರಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವರ್ಷವೊಂದರಲ್ಲಿ ಶೇ 8ಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ದೋಷ ಕಾಣಿಸಿಕೊಂಡಿತ್ತು. ಸಾಲದ ಲೆಡ್ಜರ್ ಇಟ್ಟಿರುವ ಸಂಘ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿಕೊಂಡರೆ ಇಂಥ ದೋಷ ಯಾರ ಗಮನಕ್ಕೂ ಬಾರದೆ ಅಂಕಿಯೊಂದನ್ನು ಬದಲಿಸಬಹುದು.

ಈ ಏರ್ಪಾಡು ಎಲ್ಲ ಕಂಪನಿಗಳ ಪೆಟ್ಟಿಗೆಯಲ್ಲೂ ಇದೆ. ಇನ್ನೂ ಹೇಳಬೇಕೆಂದರೆ ಒಳಗಿನ ಸಾಮಾನೂ ಹೆಚ್ಚುಕಡಿಮೆ ಒಂದೇ. ಪ್ರೊಸೆಸರ್ ಇಂಟೆಲ್ ಅಥವಾ ಎಎಂಡಿ ಕಂಪನಿಯದು. ಮೆಮೊರಿ ಚಿಪ್ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್‌ಗಳದು. ತಿರುಗುವ ಹಾರ್ಡ್ ಡಿಸ್ಕ್ ಮಾಡುವವರು ಜಗತ್ತಿನಲ್ಲಿ ಈಗ ಉಳಿದಿರುವುದೇ ಮೂರು ಮಂದಿ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೊಷಿಬಾ. ಅದರ ಮೇಲೆ ಡೆಲ್ ಎಂದೋ ಎಚ್‌ಪಿಇ ಎಂದೋ ಚೀಟಿ ಅಂಟುತ್ತದೆ. ಆ ಚೀಟಿಗಳೂ ಕೈ ಬದಲಾಯಿಸಿವೆ. ಎಚ್‌ಪಿಇಯ ಹೆಸರಾಂತ ಪ್ರೊಲಯಂಟ್ ಸರ್ವರ್ ಹುಟ್ಟಿದ್ದು ಕಾಂಪ್ಯಾಕ್ ಕಂಪನಿಯಲ್ಲಿ. 2002ರಲ್ಲಿ ಎಚ್‌ಪಿ ಆ ಕಂಪನಿಯನ್ನು ಕೊಂಡಿತು, 2015ರಲ್ಲಿ ಎಚ್‌ಪಿಯೇ ಎರಡಾಗಿ ಸರ್ವರ್ ವ್ಯವಹಾರ ಎಚ್‌ಪಿಇ ಪಾಲಿಗೆ ಬಂತು. ಲೆನೊವೊ ಇಂದು ಮಾರುವ ಸರ್ವರ್‌ಗಳ ಬೇರು ಐಬಿಎಂನಲ್ಲಿದೆ. 2014ರಲ್ಲಿ ಐಬಿಎಂ ತನ್ನ ಇಂಟೆಲ್ ಮಾದರಿಯ ಸರ್ವರ್ ವಿಭಾಗವನ್ನು ಲೆನೊವೊಗೆ ಮಾರಿತು.

ಹಾಗಾದರೆ ಅಂಕಿಅಂಶ ಏನು ಹೇಳುತ್ತದೆ? ಸರ್ವರ್ ಕಂಪನಿಗಳು ತಮ್ಮ ಯಂತ್ರಗಳಲ್ಲಿ ಎಷ್ಟು ಕೆಡುತ್ತವೆ ಎಂಬ ಲೆಕ್ಕವನ್ನು ಹೊರಗೆ ಕೊಡುವುದಿಲ್ಲ. ಐಟಿಐಸಿ ಎಂಬ ಅಮೆರಿಕದ ಸಂಸ್ಥೆ ವರ್ಷವರ್ಷ ನಡೆಸುವ ಸಮೀಕ್ಷೆಯಲ್ಲಿ ಐಬಿಎಂ, ಲೆನೊವೊ ಮೇಲಿನ ಸ್ಥಾನದಲ್ಲಿ ಬರುತ್ತಿವೆ. ಆದರೆ ಅದು ಕಚೇರಿಗಳ ಐಟಿ ಸಿಬ್ಬಂದಿಯನ್ನು ಕೇಳಿ ಬರೆದುಕೊಂಡ ಉತ್ತರ, ಕೆಟ್ಟ ಯಂತ್ರಗಳನ್ನು ಎಣಿಸಿದ ಲೆಕ್ಕವಲ್ಲ.

ನಿಜವಾದ ಎಣಿಕೆ ಇರುವುದು ಡಿಸ್ಕ್‌ಗಳದು. 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಸುಮಾರು 1 ಲಕ್ಷ ಡಿಸ್ಕ್‌ಗಳ ಇತಿಹಾಸ ತೆಗೆದು ನೋಡಿದರು. ತಯಾರಕರ ಕಾಗದದ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ ಶೇ 0.88ರಷ್ಟು ಡಿಸ್ಕ್ ಕೆಡಬೇಕಿತ್ತು. ನಿಜದಲ್ಲಿ ಶೇ 2ರಿಂದ 4ರಷ್ಟನ್ನು ಬದಲಾಯಿಸಲಾಗುತ್ತಿತ್ತು, ಕೆಲವು ಕಡೆ ಶೇ 13ರವರೆಗೂ. ದುಬಾರಿ ಡಿಸ್ಕ್ ಅಗ್ಗದ್ದಕ್ಕಿಂತ ಹೆಚ್ಚು ಬಾಳುತ್ತದೆ ಎಂಬುದಕ್ಕೂ ಅವರಿಗೆ ಬಲವಾದ ಪುರಾವೆ ಸಿಗಲಿಲ್ಲ. ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಕ್ಲೌಡ್ ಸಂಗ್ರಹ ಕಂಪನಿ ತನ್ನ ಡಿಸ್ಕ್‌ಗಳ ಲೆಕ್ಕವನ್ನು 2013ರಿಂದಲೂ ಹೆಸರು ಸಮೇತ ಪ್ರಕಟಿಸುತ್ತಿದೆ. ಅಲ್ಲಿ ಎದ್ದು ಕಾಣುವ ಸಂಗತಿ ಇದು: ಒಂದೇ ಕಂಪನಿಯ ಒಂದು ಮಾದರಿ ವರ್ಷಗಟ್ಟಲೆ ಅಲುಗಾಡದೆ ಓಡುತ್ತದೆ, ಇನ್ನೊಂದು ಮಾದರಿ ಸಾಲು ಸಾಲಾಗಿ ಸಾಯುತ್ತದೆ. ಸೀಗೇಟ್‌ನ 3 ಟೆರಾಬೈಟ್ ಡಿಸ್ಕ್ ಮಾದರಿಯೊಂದು ಹೀಗೆಯೇ ಕುಖ್ಯಾತವಾಯಿತು. ಅದೇ ಸೀಗೇಟ್‌ನ ಬೇರೆ ಮಾದರಿಗಳು ಚೆನ್ನಾಗಿಯೇ ನಡೆದವು. ಹೆಸರು ನೋಡಿ ಕೊಂಡವನಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

2019ರ ನವೆಂಬರ್‌ನ ಒಂದು ಪ್ರಕರಣವಂತೂ ಸರ್ವರ್ ಕೊಳ್ಳುವ ಪ್ರತಿಯೊಬ್ಬರಿಗೂ ತಿಳಿದಿರಬೇಕು. ತನ್ನ ಕೆಲವು ಎಸ್‌ಎಸ್‌ಡಿಗಳು, ಅಂದರೆ ಚಿಪ್‌ನಲ್ಲಿ ಮಾಹಿತಿ ಇಡುವ ಡಿಸ್ಕ್‌ಗಳು, 32,768 ಗಂಟೆ ಓಡಿದ ಮೇಲೆ ಸಂಪೂರ್ಣ ಸತ್ತುಹೋಗುತ್ತವೆ ಎಂದು ಎಚ್‌ಪಿಇ ಪ್ರಕಟಿಸಿತು. ಅಂದರೆ 3 ವರ್ಷ 270 ದಿನ 8 ಗಂಟೆ. ಗಂಟೆ ಎಣಿಸುವ ಒಳಗಿನ ತಂತ್ರಾಂಶದ, ಅಂದರೆ ಫರ್ಮ್‌ವೇರ್‌ನ ದೋಷ ಅದು. ಆ ಗಳಿಗೆ ದಾಟಿದ ಡಿಸ್ಕ್‌ನಲ್ಲಿದ್ದ ಮಾಹಿತಿಯನ್ನೂ ಮರಳಿ ತೆಗೆಯಲಾಗದು. 2020ರ ಮಾರ್ಚ್‌ನಲ್ಲಿ ಇನ್ನೊಂದು ಪ್ರಕಟಣೆ ಬಂತು: ಬೇರೆ ಕೆಲವು ಎಸ್‌ಎಸ್‌ಡಿಗಳು 40,000 ಗಂಟೆಗೆ ನಿಲ್ಲುತ್ತವೆ. ಅದೇ 40,000 ಗಂಟೆಯ ದೋಷಕ್ಕೆ ಡೆಲ್ ಕೂಡ ತಿದ್ದುಪಡಿ ಹೊರಡಿಸಬೇಕಾಯಿತು, ಏಕೆಂದರೆ ಎರಡೂ ಪೆಟ್ಟಿಗೆಗಳೊಳಗಿದ್ದದ್ದು ಒಬ್ಬನೇ ತಯಾರಕನ ಡಿಸ್ಕ್. ಭಯ ಹುಟ್ಟಿಸುವ ಭಾಗ ಇನ್ನೂ ಇದೆ. ಸರ್ವರ್‌ನೊಳಗಿನ ಡಿಸ್ಕ್‌ಗಳನ್ನು ಒಂದೇ ದಿನ ಹಾಕಿ ಚಾಲೂ ಮಾಡಿರುತ್ತಾರೆ. ಹಾಗಾಗಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಸಾಯುತ್ತವೆ. ಒಂದು ಹೋದರೆ ಇನ್ನೊಂದಿದೆ ಎಂಬ ರೇಡ್ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು. ಸಕಾಲಕ್ಕೆ ಫರ್ಮ್‌ವೇರ್ ಹೊಸದು ಮಾಡಿಕೊಂಡವರು ಉಳಿದುಕೊಂಡರು.

ಫರ್ಮ್‌ವೇರ್‌ನ ಮಾತು ಬಂದಲ್ಲಿಗೆ ಕಂಪನಿಗಳ ನಡುವಿನ ನಿಜವಾದ ವ್ಯತ್ಯಾಸ ಶುರುವಾಗುತ್ತದೆ. ಯಂತ್ರ ಬಿಟ್ಟು ಕಂಪನಿಯ ನೀತಿಯನ್ನು ಹೋಲಿಸಿದರೆ ಆಯ್ಕೆ ಸ್ಪಷ್ಟವಾಗುತ್ತದೆ. ಎಚ್‌ಪಿಇ 2014ರಿಂದ ಸರ್ವರ್‌ಗಳ ಹಲವು ಫರ್ಮ್‌ವೇರ್ ಪ್ಯಾಕೇಜುಗಳನ್ನು ವಾರಂಟಿ ಅಥವಾ ಸೇವಾ ಒಪ್ಪಂದ ಚಾಲ್ತಿಯಲ್ಲಿರುವವರಿಗೆ ಸೀಮಿತಗೊಳಿಸಿತು. ಡೆಲ್ ತನ್ನವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟಿದೆ. ವಾರಂಟಿ ಮುಗಿದ ಮೇಲೂ ಏಳೆಂಟು ವರ್ಷ ಯಂತ್ರ ಓಡಿಸುವ ಸಣ್ಣ ಸಂಸ್ಥೆಗಳಿಗೆ ಇದು ದೊಡ್ಡ ವಿಷಯ. ಡೆಲ್ ಕೂಡ 2010ರಲ್ಲಿ ತನ್ನ ಹೊಸ ರೇಡ್ ಕಂಟ್ರೋಲರ್‌ಗಳಲ್ಲಿ ಬೇರೆಯವರ ಡಿಸ್ಕ್ ನಡೆಯದಂತೆ ತಡೆ ಹಾಕಿತ್ತು; ಗ್ರಾಹಕರು ಗದ್ದಲ ಮಾಡಿದ ಮೇಲೆ ಆ ತಡೆ ತೆಗೆಯಿತು. ಗ್ರಾಹಕರ ಗದ್ದಲಕ್ಕೂ ಬೆಲೆಯಿದೆ ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆ.

ಇನ್ನೊಂದು ವ್ಯತ್ಯಾಸ, ದೂರದಿಂದಲೇ ಯಂತ್ರದ ನಾಡಿ ನೋಡುವ ಸೌಲಭ್ಯ. ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಇಯಲ್ಲಿ ಐಎಲ್‌ಒ, ಲೆನೊವೊದಲ್ಲಿ ಎಕ್ಸ್‌ಕ್ಲಾರಿಟಿ. ಸರ್ವರ್ ಆಫ್ ಆಗಿದ್ದರೂ ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಸಾಕು, ಒಳಗಿನ ಈ ಚಿಕ್ಕ ಕಂಪ್ಯೂಟರ್ ಎಚ್ಚರವಾಗಿರುತ್ತದೆ. ಯಾವ ಫ್ಯಾನ್ ನಿಧಾನವಾಗಿದೆ, ಯಾವ ಡಿಸ್ಕ್ ಸಾಯುವ ಸೂಚನೆ ಕೊಡುತ್ತಿದೆ ಎಂದು ಹಾಸನದಲ್ಲೋ ಬೆಂಗಳೂರಿನಲ್ಲೋ ಕೂತ ಎಂಜಿನಿಯರ್ ನೋಡಬಹುದು, ಯಂತ್ರವನ್ನು ಅಲ್ಲಿಂದಲೇ ಆಫ್ ಮಾಡಿ ಆನ್ ಮಾಡಬಹುದು. ಘಟ್ಟದ ಮೇಲಿನ ಕಚೇರಿಗೆ ಇದಕ್ಕಿಂತ ಉಪಯುಕ್ತ ಸೌಲಭ್ಯ ಇನ್ನೊಂದಿಲ್ಲ. ಆದರೆ ದೂರದಿಂದ ಯಂತ್ರದ ಪರದೆಯನ್ನೇ ನೋಡಿ ಕೆಲಸ ಮಾಡುವಂಥ ಮುಖ್ಯ ಸೌಲಭ್ಯಗಳಿಗೆ ಮೇಲ್ದರ್ಜೆಯ ಲೈಸೆನ್ಸ್ ಬೇಕು. ಬೆಲೆ ಇಳಿಸುವ ಭರದಲ್ಲಿ ಕೊಟೇಶನ್‌ನಿಂದ ಮೊದಲು ಜಾರಿಹೋಗುವ ಸಾಲೂ ಅದೇ.

ಹೆತ್ತೂರು, ಯಸಳೂರು, ಹಾನುಬಾಳು ಕಡೆಯವರು ಜೀಪು ಕೊಳ್ಳುವಾಗ ಬಿಡಿಭಾಗ ಸಕಲೇಶಪುರದಲ್ಲಿ ಸಿಗುತ್ತದೆಯೇ, ರಿಪೇರಿ ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿದ್ದಾನೆಯೇ ಎಂದು ಮೊದಲು ವಿಚಾರಿಸುತ್ತಾರೆ. ಸರ್ವರ್‌ಗೂ ಅದೇ ವಿಚಾರಣೆ ಬೇಕು. ಒಪ್ಪಂದದಲ್ಲಿ ‘ಮರು ಕೆಲಸದ ದಿನವೇ ಸೇವೆ’ ಎಂದು ಬರೆದಿರುತ್ತದೆ. ಆದರೆ ಅದು ಯಾವ ಊರಿಗೆ ಅನ್ವಯ, ನಗರದಿಂದ ಎಷ್ಟು ದೂರದವರೆಗೆ, ದೂರು ಎಷ್ಟು ಗಂಟೆಯೊಳಗೆ ದಾಖಲಾಗಬೇಕು ಎಂಬುದೆಲ್ಲ ಸಣ್ಣ ಅಕ್ಷರದಲ್ಲಿರುತ್ತದೆ. ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್. ಅಲ್ಲಿಂದ ಹಳ್ಳಿಯ ದಾರಿ ಬೇರೆ. ಮಂಗಳೂರಿನ ಡೀಲರ್ ಹತ್ತಿರ ಕೊಂಡವರು ಶಿರಾಡಿ ಘಾಟಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲು ಬಳಿ ಹೆದ್ದಾರಿಯ ಮೇಲೆ ಗುಡ್ಡ ಜರಿದಾಗ ಯಾವ ಕಂಪನಿಯ ವಾರಂಟಿಯೂ ಆ ಮಣ್ಣನ್ನು ದಾಟುವಂತಿರಲಿಲ್ಲ.

ಈಗ ಕೋಣೆಗೆ ಬರೋಣ. ಮಲೆನಾಡಿನ ಮಟ್ಟಿಗೆ ಬಾಳಿಕೆಯ ಪ್ರಶ್ನೆ ನಿಜವಾಗಿ ಇತ್ಯರ್ಥವಾಗುವುದು ಇಲ್ಲಿ.

ಸರ್ವರ್‌ಗೆ ಶಾಖವೇ ಮುಖ್ಯ ಶತ್ರು ಎಂಬ ನಂಬಿಕೆ ಬಹಳ ಹಳೆಯದು. ಮೈಕ್ರೊಸಾಫ್ಟ್ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಬೇರೆ ಬೇರೆ ಹವೆಯಲ್ಲಿರುವ 9 ಡೇಟಾ ಸೆಂಟರ್‌ಗಳ 10 ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಇತ್ತು. ಹೊರಗಿನ ಗಾಳಿಯಿಂದ ತಂಪು ಮಾಡುವ ಕಟ್ಟಡಗಳಲ್ಲಿ ಭಾಗಗಳು ಕೆಡಲು ಉಷ್ಣಾಂಶಕ್ಕಿಂತ ಗಾಳಿಯ ತೇವಾಂಶವೇ ಹೆಚ್ಚು ಕಾರಣವಾಗಿತ್ತು. ತೇವ ಹೆಚ್ಚಿದಲ್ಲಿ ಡಿಸ್ಕ್‌ನ ಕಂಟ್ರೋಲರ್ ಮತ್ತು ಸಂಪರ್ಕದ ಭಾಗಗಳು ಸವೆಯುತ್ತಿದ್ದವು. ಡಿಸ್ಕ್‌ಗಳನ್ನು ಪೆಟ್ಟಿಗೆಯ ಹಿಂಬದಿಯಲ್ಲಿ, ಬಿಸಿಗಾಳಿ ಹೊರಬೀಳುವ ಕಡೆ ಇಟ್ಟ ವಿನ್ಯಾಸಗಳಲ್ಲಿ ತೇವ ಕಡಿಮೆಯಾಗಿ ಡಿಸ್ಕ್ ಸಾಯುವುದೂ ಕಡಿಮೆಯಾಯಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕಕ್ಕೂ ಚಪ್ಪಲಿಗೂ ಬೂಷ್ಟು ಹಿಡಿಯುವ ಸೀಮೆಯಲ್ಲಿ ಈ ಫಲಿತಾಂಶವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಓಡುತ್ತಿರುವ ಯಂತ್ರ ತನ್ನ ಬಿಸಿಯಿಂದಲೇ ಒಣಗಿರುತ್ತದೆ. ಶನಿವಾರ ಸಂಜೆ ಆಫ್ ಮಾಡಿ ಸೋಮವಾರ ಆನ್ ಮಾಡುವ ಕಚೇರಿಯಲ್ಲಿ ಎರಡು ರಾತ್ರಿ ತೇವ ಕುಡಿದ ಬೋರ್ಡಿಗೆ ಒಮ್ಮೆಲೇ ಕರೆಂಟ್ ಹರಿಯುತ್ತದೆ. ಕೆಲವರು ಏಸಿ ಹಾಕಿ ಕೋಣೆಯನ್ನು ತೀರ ತಣ್ಣಗೆ ಮಾಡಿ, ಬಾಗಿಲು ತೆರೆದಾಗಲೆಲ್ಲ ಹೊರಗಿನ ಒದ್ದೆ ಗಾಳಿಯನ್ನು ಒಳಗೆ ಬಿಟ್ಟು, ತಣ್ಣನೆಯ ಲೋಹದ ಮೇಲೆ ನೀರಹನಿ ಕೂರಿಸುತ್ತಾರೆ. ಡೇಟಾ ಸೆಂಟರ್‌ಗಳಿಗೆ ಮಾನದಂಡ ಹಾಕುವ ಆಶ್ರೇ ಸಂಸ್ಥೆ ಶಿಫಾರಸು ಮಾಡುವುದು 18ರಿಂದ 27 ಡಿಗ್ರಿ ಸೆಲ್ಸಿಯಸ್. ಸಕಲೇಶಪುರದ ಮಳೆಗಾಲದಲ್ಲಿ ಅಷ್ಟಕ್ಕೆ ದೊಡ್ಡ ಏಸಿ ಬೇಕಿಲ್ಲ; ತೇವ ಹೀರುವ ಡಿಹ್ಯುಮಿಡಿಫೈಯರ್ ಬೇಕು, ಹೊರಗೋಡೆಗೆ ತಾಗದ ಒಳಕೋಣೆ ಬೇಕು, ನೆಲದಿಂದ ಎತ್ತರಿಸಿದ ರ‍್ಯಾಕ್ ಬೇಕು. ಕೇಬಲ್ ತೂರಿಸಿದ ತೂತುಗಳನ್ನು ಇರುವೆ, ಹಲ್ಲಿ, ಇಲಿ ಬಾರದಂತೆ ಮುಚ್ಚಬೇಕು.

ಕರೆಂಟಿನದು ಇನ್ನೂ ದೊಡ್ಡ ಕಥೆ. ಕಾಫಿ ಗಿಡಕ್ಕೆ ಹೂಮಳೆ ಬೇಕು, ಆ ಮಳೆ ಗುಡುಗು ಸಿಡಿಲನ್ನು ಜೊತೆಗೇ ತರುತ್ತದೆ. ಕಾಡಿನ ನಡುವೆ ಹಾದುಬರುವ ಲೈನಿನ ಮೇಲೆ ಮಳೆಗಾಲದಲ್ಲಿ ಕೊಂಬೆ ಬೀಳದ ವಾರ ಅಪರೂಪ. ಕರೆಂಟ್ ಹೋಗುವುದಕ್ಕಿಂತ ಮರಳಿ ಬರುವ ಗಳಿಗೆಯೇ ಅಪಾಯದ್ದು; ವೋಲ್ಟೇಜ್ ಒಮ್ಮೆ ಜಿಗಿದು, ಒಮ್ಮೆ ಕುಸಿದು ಆಮೇಲೆ ಸ್ಥಿರವಾಗುತ್ತದೆ. ಮನೆಯ ಇನ್ವರ್ಟರ್ ಈ ಕೆಲಸಕ್ಕೆ ಸಾಲದು. ಬಂದ ಕರೆಂಟನ್ನು ಡಿಸಿಗೆ, ಮತ್ತೆ ಎಸಿಗೆ ತಿರುಗಿಸಿ ಸದಾ ಶುದ್ಧಮಾಡಿ ಕೊಡುವ ಆನ್‌ಲೈನ್ ಯುಪಿಎಸ್ ಬೇಕು, ಅದರ ಬ್ಯಾಟರಿಯನ್ನು ಮೂರರಿಂದ ಐದು ವರ್ಷಕ್ಕೆ ಬದಲಿಸಬೇಕು. ಹೊಸ ಸರ್ವರ್ ಕೂರಿಸಲು ಬಂದ ಎಂಜಿನಿಯರ್ ಮೀಟರ್ ತೆಗೆದು ನ್ಯೂಟ್ರಲ್‌ಗೂ ಅರ್ತ್‌ಗೂ ನಡುವಿನ ವೋಲ್ಟೇಜ್ ಅಳೆಯುತ್ತಾನೆ. ಅದು 2 ವೋಲ್ಟ್‌ಗಿಂತ ಕಡಿಮೆ ಇರಬೇಕೆಂಬುದು ಈ ಕೆಲಸದವರ ರೂಢಿ. ಹೆಚ್ಚಿದ್ದರೆ ಅರ್ತಿಂಗ್ ಸರಿಯಿಲ್ಲ ಎಂದು ಬರೆದುಕೊಂಡು ಹೋಗುತ್ತಾನೆ, ಮುಂದೆ ಬೋರ್ಡ್ ಸುಟ್ಟಾಗ ಆ ಬರಹವೇ ವಾರಂಟಿಗೆ ಅಡ್ಡ ಬರಬಹುದು. ಉಪ್ಪು, ಇದ್ದಿಲು ಹಾಕಿ ಗುಂಡಿ ತೆಗೆದು ಅರ್ತಿಂಗ್ ಮಾಡಿಸುವ ಖರ್ಚು ಸರ್ವರ್ ಬೆಲೆಯ ಮುಂದೆ ಏನೂ ಅಲ್ಲ. ಆದರೂ ಎಷ್ಟೋ ಕಚೇರಿಗಳು ಪೆಟ್ಟಿಗೆಗೆ ಹಣ ಸುರಿದು ಗುಂಡಿಯನ್ನು ಮರೆಯುತ್ತವೆ.

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ 177 ತಾಲ್ಲೂಕುಗಳ ಒಂದೊಂದು ಕಚೇರಿಗೂ ಅದರದೇ ಕಂಪ್ಯೂಟರ್ ವ್ಯವಸ್ಥೆ ಬೇಕಾಯಿತು. ತಾಲ್ಲೂಕಿನ ಜಮೀನಿನ ಲೆಕ್ಕವೆಲ್ಲ ಕಚೇರಿಯ ಒಂದು ಕೋಣೆಯಲ್ಲಿ. ಆಗಿನ ರೈತ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯುತ್ತಿದ್ದರೆ ಅದರ ಹಿಂದೆ ಆ ಕೋಣೆಯ ಯುಪಿಎಸ್, ಬ್ಯಾಕಪ್, ಅದನ್ನು ನೋಡಿಕೊಳ್ಳುವ ಸಿಬ್ಬಂದಿ ಇದ್ದರು. ಆಮೇಲೆ ಮಾಹಿತಿ ಬೆಂಗಳೂರಿನ ರಾಜ್ಯ ಡೇಟಾ ಸೆಂಟರ್‌ಗೆ ಸೇರಿತು. ತಾಲ್ಲೂಕಿನ ಕೋಣೆಯ ಚಿಂತೆ ಕಡಿಮೆಯಾಯಿತು, ಬದಲಿಗೆ ಕೇಬಲ್ಲಿನ ಚಿಂತೆ ಹತ್ತಿಕೊಂಡಿತು.

ಇನ್ನೂ ಹಿಂದಿನ ಉದಾಹರಣೆಯೂ ಒಂದಿದೆ. ಐಬಿಎಂ 1978ರಲ್ಲಿ ಭಾರತ ಬಿಟ್ಟು ಹೋದಾಗ ಅದರ ಯಂತ್ರಗಳು ಇಲ್ಲಿಯೇ ಉಳಿದವು. ಅವುಗಳನ್ನು ನಡೆಸಿಕೊಂಡು ಹೋದದ್ದು ಸಿಎಂಸಿ ಎಂಬ ಸರ್ಕಾರಿ ಸಂಸ್ಥೆಯ ಎಂಜಿನಿಯರುಗಳು. ಮಾಡಿದ ಕಂಪನಿಯೇ ದೇಶದಲ್ಲಿಲ್ಲದಿದ್ದರೂ ಕೈಪಳಗಿದವರು ಇದ್ದುದರಿಂದ ಯಂತ್ರಗಳು ಓಡಿದವು.

ಬಿಡಿಭಾಗದ ದೂರ ಈಗ ಸ್ವಲ್ಪ ಕುಗ್ಗುವ ಸೂಚನೆಯಿದೆ. ಎಚ್‌ಪಿಇ 2023ರಲ್ಲಿ ವಿವಿಡಿಎನ್ ಕಂಪನಿಯ ಜೊತೆ ಹರಿಯಾಣದ ಮಾನೇಸರದಲ್ಲಿ ಸರ್ವರ್ ತಯಾರಿಸುವುದಾಗಿ ಪ್ರಕಟಿಸಿತು. ಲೆನೊವೊ 2024ರ ಸೆಪ್ಟೆಂಬರ್‌ನಲ್ಲಿ ಪುದುಚೇರಿ ಕಾರ್ಖಾನೆಯಲ್ಲಿ ವರ್ಷಕ್ಕೆ 50,000 ಸರ್ವರ್ ಮಾಡುವ ಯೋಜನೆಯನ್ನೂ ಬೆಂಗಳೂರಿನಲ್ಲಿ ಸಂಶೋಧನಾ ಪ್ರಯೋಗಾಲಯವನ್ನೂ ಘೋಷಿಸಿತು. ಭಾರತದಲ್ಲಿ ತಯಾರಾದ ಮಾತ್ರಕ್ಕೆ ಸಕಲೇಶಪುರಕ್ಕೆ ಪವರ್ ಸಪ್ಲೈ ಬೇಗ ತಲುಪುತ್ತದೆ ಎಂದೇನಿಲ್ಲ. ಅದು ಕಂಪನಿ ತನ್ನ ದಾಸ್ತಾನನ್ನು ಎಲ್ಲಿಟ್ಟಿದೆ ಎಂಬುದರ ಮೇಲೆ ನಿಂತಿದೆ.

ಯಂತ್ರ ಎಷ್ಟೇ ಗಟ್ಟಿಯಿದ್ದರೂ ಬ್ಯಾಕಪ್ ಇಲ್ಲದಿದ್ದರೆ ಕೈಸುಡುತ್ತದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮಾಹಿತಿಗೆ ರ‍್ಯಾನ್ಸಮ್‌ವೇರ್ ದಾಳಿಕೋರರು ಬೀಗ ಹಾಕಿದಾಗ ಹಲವು ದಿನ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಯಿತು. ರೇಡ್ ಇದ್ದರೆ ಬ್ಯಾಕಪ್ ಬೇಡ ಎಂದುಕೊಂಡವರಿಗೆ ಒಂದು ವಿಷಯ ಗೊತ್ತಿರಬೇಕು: ತಪ್ಪಾಗಿ ಅಳಿಸಿದ ಕಡತವನ್ನು, ವೈರಸ್ ಕೆಡಿಸಿದ ಕಡತವನ್ನು ರೇಡ್ ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕ್‌ಗಳಲ್ಲೂ ಅಳಿಸುತ್ತದೆ, ಕೆಡಿಸುತ್ತದೆ. ಬ್ಯಾಕಪ್ ಇಟ್ಟವರೂ ಅದನ್ನು ಮರಳಿ ತೆರೆದು ನೋಡಿರಬೇಕು. 2017ರ ಜನವರಿಯಲ್ಲಿ ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯ ನೌಕರನೊಬ್ಬ ತಪ್ಪು ಯಂತ್ರದಲ್ಲಿ ಮಾಹಿತಿ ಅಳಿಸಿದಾಗ, ನೆಚ್ಚಿಕೊಂಡಿದ್ದ ಬ್ಯಾಕಪ್ ವಿಧಾನಗಳು ಒಂದಾದ ಮೇಲೊಂದು ಕೈಕೊಟ್ಟವು. ಸುಮಾರು 6 ಗಂಟೆಯ ಮಾಹಿತಿ ಹೋಯಿತು.

ಹಳ್ಳಿಯ ಸಂಘಗಳು ಇನ್ನು ಸ್ವಂತ ಸರ್ವರ್ ಇಡಬೇಕೇ ಎಂಬ ಪ್ರಶ್ನೆಯೂ ಎದ್ದಿದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ಜೋಡಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ದೇಶದ 63,000 ಸಂಘಗಳಿಗೆ 2,516 ಕೋಟಿ ರೂಪಾಯಿ. ಲೆಕ್ಕವೆಲ್ಲ ಕ್ಲೌಡ್‌ಗೆ ಹೋದರೆ ಸಂಘದಲ್ಲಿ ಉಳಿಯುವುದು ಕಂಪ್ಯೂಟರ್, ಪ್ರಿಂಟರ್, ಸಂಪರ್ಕ. ಸಣ್ಣ ಸಂಘಕ್ಕೆ ಇದು ಒಳ್ಳೆಯ ದಾರಿಯೇ. ಆಸ್ಪತ್ರೆಗೆ, ದಿನವಿಡೀ ತೂಕ ದಾಖಲಿಸುವ ಕ್ಯೂರಿಂಗ್ ಘಟಕಕ್ಕೆ ಇಂಟರ್‌ನೆಟ್ ಕಡಿದ ದಿನವೂ ಕೆಲಸ ನಡೆಯಬೇಕು. ಅಂಥವರಿಗೆ ಸ್ಥಳದಲ್ಲೊಂದು ಸರ್ವರ್, ಹೊರಗೊಂದು ಪ್ರತಿ ಬೇಕೇ ಬೇಕು.

ಅಂಥವರ ಮೇಜಿಗೆ ಆ ಮೂರು ಕೊಟೇಶನ್ ಬಂದ ದಿನ ಬೆಲೆಯ ಸಾಲಿಗಿಂತ ಮೊದಲು ಡೀಲರ್‌ನಿಂದ ಬರಹದಲ್ಲಿ ಪಡೆಯಬೇಕಾದ ಉತ್ತರಗಳಿವೆ. ಈ ಪಿನ್‌ಕೋಡ್‌ಗೆ ಸೇವೆಯ ಅವಧಿ ಎಷ್ಟು? ಡಿಸ್ಕ್, ಪವರ್ ಸಪ್ಲೈಗಳ ದಾಸ್ತಾನು ಯಾವ ಊರಿನಲ್ಲಿದೆ? ವಾರಂಟಿ ಮುಗಿದ ಮೇಲೆ ಫರ್ಮ್‌ವೇರ್ ಸಿಗುತ್ತದೆಯೇ? ದೂರದಿಂದ ನೋಡಿಕೊಳ್ಳುವ ಲೈಸೆನ್ಸ್ ಈ ಬೆಲೆಯಲ್ಲಿ ಸೇರಿದೆಯೇ? ಡಿಸ್ಕ್‌ಗಳ ಮಾದರಿ ಸಂಖ್ಯೆ ಏನು? ಇವಕ್ಕೆ ನೇರ ಉತ್ತರ ಕೊಡುವ ಡೀಲರ್ ಯಾವ ಕಂಪನಿಯವನಾದರೂ ಆತನಿಂದಲೇ ಕೊಳ್ಳಬಹುದು. ಕಂಪನಿಯ ಹೆಸರಿಗೆ ಹೆಚ್ಚು ತೆರದೆ ಉಳಿಸಿದ ಹಣದಲ್ಲಿ ಇನ್ನೊಂದು ಡಿಸ್ಕ್, ಇನ್ನೊಂದು ಪವರ್ ಸಪ್ಲೈ ತಂದು ಕಚೇರಿಯ ಒಣ ಕಪಾಟಿನಲ್ಲಿ ಇಟ್ಟುಕೊಂಡರೆ ಜುಲೈನಲ್ಲಿ ದಾರಿ ಮುಚ್ಚಿದಾಗ ಬೆಂಗಳೂರಿನ ಎಂಜಿನಿಯರ್ ಫೋನಿನಲ್ಲಿ ಹೇಳಿಕೊಟ್ಟಂತೆ ಅಲ್ಲಿನ ಸಿಬ್ಬಂದಿಯೇ ಅದನ್ನು ಬದಲಿಸಬಹುದು.